ಚಕ್ರಬಡ್ಡಿಯ ಪಾಠದಲ್ಲಿ ಸಹಕಾರಿ ಮನೆ

ತರಗತಿ: ಎಂಟು. ವಿಷಯ: ಗಣಿತ. ಘಟಕ: ಚಕ್ರಬಡ್ಡಿ. ಅವಧಿಗಳು: ಎರಡು.

ಸೂತ್ರ ಬರೆದುಕೊಟ್ಟರೆ ಮಕ್ಕಳು ಲೆಕ್ಕ ಮಾಡಿಬಿಡುತ್ತಾರೆ. ಆದರೆ ಆ ಲೆಕ್ಕ ತಮ್ಮ ಮನೆಗೂ ಸಂಬಂಧಪಟ್ಟದ್ದು ಎಂದು ಅವರಿಗೆ ಅನಿಸುವುದಿಲ್ಲ. ನಾನು ಅಭ್ಯಾಸ ಬೋಧನೆಗೆ ಹೋದ ಶಾಲೆಯಲ್ಲಿ ಬಾಡಿಗೆ ಮನೆಯ ಮಕ್ಕಳೇ ಹೆಚ್ಚು. ಆದ್ದರಿಂದ ಮನೆಯನ್ನೇ ಉದಾಹರಣೆಯಾಗಿ ತೆಗೆದುಕೊಂಡೆ. ಯಾರ ಮನೆಗೆ ಎಷ್ಟು ಬಾಡಿಗೆ ಎಂದು ಮಾತ್ರ ಕೇಳಲಿಲ್ಲ. ಅದು ತರಗತಿಯಲ್ಲಿ ಕೇಳುವ ಪ್ರಶ್ನೆಯಲ್ಲ.

ಮೊದಲ ಲೆಕ್ಕ ಗೃಹಸಾಲದ್ದು. 20 ಲಕ್ಷ ರೂಪಾಯಿ, ಶೇ. 9 ಬಡ್ಡಿ, 20 ವರ್ಷ. ಕಂತಿನ ಸೂತ್ರ ಈ ತರಗತಿಗೆ ಭಾರವಾದ್ದರಿಂದ ತಿಂಗಳ ಕಂತು ಸುಮಾರು 17,995 ರೂಪಾಯಿ ಎಂದು ನಾನೇ ಕೊಟ್ಟು, 240ರಿಂದ ಗುಣಿಸಲು ಹೇಳಿದೆ. ಉತ್ತರ 43,18,800 ಬಂದಾಗ, "ಮಿಸ್, ಅಸಲಿಗಿಂತ ಬಡ್ಡೀನೇ ಜಾಸ್ತಿ" ಎಂದು ಹಿಂದಿನ ಬೆಂಚಿನಿಂದ ಕೇಳಿಸಿತು.

ಹಾಗಾದರೆ ಹತ್ತಾರು ಜನ ಸೇರಿ ಮನೆ ಮಾಡಿಕೊಂಡರೆ? ಇದು ನಮಗೆ ಹೊಸದಲ್ಲ. ದೇಶದ ಮೊದಲ ಗೃಹ ಸಹಕಾರ ಸಂಘ ಎನ್ನಲಾಗುವ ಬೆಂಗಳೂರು ಬಿಲ್ಡಿಂಗ್ ಕೋ-ಆಪರೇಟಿವ್ ಸೊಸೈಟಿ 1909ರಲ್ಲೇ ಹುಟ್ಟಿತು. ಇಂದು ನಮ್ಮಲ್ಲಿನ ಗೃಹ ನಿರ್ಮಾಣ ಸಹಕಾರ ಸಂಘಗಳು ಸಾಮಾನ್ಯವಾಗಿ ಜಮೀನು ಕೊಂಡು, ಬಡಾವಣೆ ಮಾಡಿ, ಸದಸ್ಯರಿಗೆ ಸೈಟು ಹಂಚುತ್ತವೆ. ಷರತ್ತುಗಳೇನಿದ್ದರೂ ಅವು ಮುಗಿದ ಮೇಲೆ ಸೈಟು ಸದಸ್ಯರ ಸ್ವಂತ ಆಸ್ತಿ. ಇಲ್ಲಿ ಎರಡನೇ ಲೆಕ್ಕ ಕೊಟ್ಟೆ: 10 ಲಕ್ಷದ ಸೈಟಿನ ಬೆಲೆ ವರ್ಷಕ್ಕೆ ಶೇ. 8ರಂತೆ ಏರಿದರೆ 9 ವರ್ಷಕ್ಕೆ ಸುಮಾರು 20 ಲಕ್ಷ, 18 ವರ್ಷಕ್ಕೆ ಸುಮಾರು 40 ಲಕ್ಷ. ಮೊದಲು ಪಡೆದವರಿಗೆ ಅಗ್ಗ. ಅವರಿಂದ ಕೊಳ್ಳುವ ಕುಟುಂಬಕ್ಕೆ ಮಾರುಕಟ್ಟೆಯ ಬೆಲೆಯೇ. ಎಷ್ಟು ಸೈಟು ಹಂಚಿತು ಎಂಬುದಕ್ಕಿಂತ ಆ ಎರಡನೇ ಕುಟುಂಬಕ್ಕೆ ಏನು ಸಿಕ್ಕಿತು ಎಂದು ನೋಡಿ ಸಂಘವನ್ನು ಅಳೆಯಬೇಕು ಎಂಬುದು ನನ್ನ ಅಭಿಪ್ರಾಯ.

ಬೇರೆ ಬಗೆಯ ಸಂಘವನ್ನು ತೋರಿಸಲು ಭೂಪಟದಲ್ಲಿ ದಕ್ಷಿಣ ಅಮೆರಿಕದ ಉರುಗ್ವೆಯನ್ನು ಹುಡುಕಿಸಿದೆ. ಅಲ್ಲಿ 1968ರ ವಸತಿ ಕಾನೂನು ಸಹಕಾರ ಸಂಘಗಳಿಗೆ ಸರ್ಕಾರಿ ಸಾಲದ ದಾರಿ ತೆರೆಯಿತು. ಪರಸ್ಪರ ದುಡಿಮೆಯ ಸಂಘಗಳಲ್ಲಿ ಪ್ರತಿ ಕುಟುಂಬ ವಾರಕ್ಕೆ ಸಾಮಾನ್ಯವಾಗಿ 21 ಗಂಟೆ ಕಟ್ಟಡದ ಕೆಲಸ ಮಾಡುತ್ತದೆ, ವೆಚ್ಚದ ಶೇ. 15ರಷ್ಟು ಪಾಲು ಹೀಗೆ ದುಡಿಮೆಯಲ್ಲೇ ಸಂದಾಯವಾಗುತ್ತದೆ. ಬಳಕೆದಾರರ ಸಂಘವಾದರೆ ಮನೆ ಸಂಘದ ಹೆಸರಿನಲ್ಲಿರುತ್ತದೆ. ಸದಸ್ಯರಿಗೆ ವಾಸದ ಹಕ್ಕು, ಅದು ವಾರಸುದಾರರಿಗೂ ಸಲ್ಲುತ್ತದೆ. ಬಿಟ್ಟುಹೋಗುವವರಿಗೆ ಮಾರುಕಟ್ಟೆ ಬೆಲೆ ಸಿಗುವುದಿಲ್ಲ, ತಾವು ಕಟ್ಟಿದ ಷೇರಿನ ಮೌಲ್ಯ ಸಿಗುತ್ತದೆ. ಆ ಲೆಕ್ಕವನ್ನು ವೇತನದ ಏರಿಕೆಗೆ ಜೋಡಿಸಿದ ಒಂದು ಮಾನದಲ್ಲಿ ಇಡುತ್ತಾರೆ, ಭೂಮಿಯ ಬೆಲೆಗೆ ಜೋಡಿಸುವುದಿಲ್ಲ.

ತರಗತಿ ಸುಲಭವಾಗಿ ಒಪ್ಪಲಿಲ್ಲ. "ಅಷ್ಟು ದುಡಿದೂ ಮನೆ ನಮ್ಮ ಹೆಸರಿಗಿಲ್ಲ ಅಂದ್ರೆ ಹೆಂಗೆ ಮಿಸ್?" ಎಂದ ಒಬ್ಬ. ಇನ್ನೊಬ್ಬ, "ಅಕ್ಕನ ಮದುವೆಗೆ ಮಾರಬೇಕಾಗಿ ಬಂದ್ರೆ?" ಎಂದ. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಬಡ ಕುಟುಂಬಕ್ಕೆ ಮನೆಯೆಂದರೆ ಸೂರು ಮಾತ್ರವಲ್ಲ, ಕಷ್ಟಕಾಲದ ಗಂಟೂ ಹೌದು; ಉರುಗ್ವೆಯ ಪದ್ಧತಿಯಲ್ಲಿ ಆ ಗಂಟು ಚಿಕ್ಕದು. ಅಷ್ಟರಲ್ಲಿ ಮುಂದಿನ ಸಾಲಿನ ಹುಡುಗಿ, "ಮೂರು ವರ್ಷಕ್ಕೆ ನಾಲ್ಕು ಮನೆ ಬದಲಾಯಿಸಿದೀವಿ. ಖಾಲಿ ಮಾಡಿ ಅನ್ನದಿದ್ರೆ ನಮಗೆ ಸಾಕು" ಎಂದಳು. ನಾನು ತೀರ್ಪು ಕೊಡದೆ ಎರಡೂ ಮಾತುಗಳನ್ನು ಕರಿಹಲಗೆಯ ಮೇಲೆ ಬರೆದೆ.

ಇದೇ ಪಾಠ ಮಾಡಬಯಸುವ ಸಹಪಾಠಿಗಳು ಎರಡನೇ ಅವಧಿಯನ್ನು ಪೂರ್ತಿ ಚರ್ಚೆಗೇ ಬಿಡುವುದು ಒಳ್ಳೆಯದು. ಮನೆಗೆಲಸಕ್ಕೆ ಕೊಟ್ಟ ಲೆಕ್ಕ: ಅದೇ 10 ಲಕ್ಷ 18 ವರ್ಷದಲ್ಲಿ ಶೇ. 8ರಂತೆ ಎಷ್ಟಾಗುತ್ತದೆ, ವೇತನ ಶೇ. 5ರಂತೆ ಏರುತ್ತದೆಂದುಕೊಂಡು ಅದರ ಜೊತೆ ಬೆಳೆದರೆ ಎಷ್ಟಾಗುತ್ತದೆ? ಉತ್ತರ ಸುಮಾರು 40 ಲಕ್ಷ ಮತ್ತು 24 ಲಕ್ಷ. ನಡುವಿನ 16 ಲಕ್ಷ ಯಾರು ಯಾರಿಗೆ ಕೊಡುವ ಹಣ ಎಂದು ಎರಡು ವಾಕ್ಯದಲ್ಲಿ ಬರೆದು ತರಲು ಹೇಳಿದ್ದೇನೆ.