ರಕ್ತದ ಸೋಡಿಯಂ: ಉಪ್ಪಿನ ಲೆಕ್ಕವೋ, ನೀರಿನ ಲೆಕ್ಕವೋ?

ಮನೆಯ ಹಿರಿಯರಿಗೆ ಸುಸ್ತು, ವಾಕರಿಕೆ ಎಂದು ರಕ್ತಪರೀಕ್ಷೆ ಮಾಡಿಸಿದಾಗ ‘ಸೋಡಿಯಂ ಕಡಿಮೆ’ ಎಂಬ ವರದಿ ಬರುವುದು ಸದಸ್ಯ ಬಾಂಧವರಲ್ಲಿ ಅನೇಕರಿಗೆ ಪರಿಚಿತವೇ. ಹಾಗಾದರೆ ಗಂಜಿಗೆ ಉಪ್ಪು ಹೆಚ್ಚು ಹಾಕಿದರಾಯಿತು ಎಂದು ಕೂಡಲೇ ತೀರ್ಮಾನಿಸುವುದೂ ಉಂಟು. ವಿಷಯ ಅಷ್ಟು ಸರಳವಲ್ಲ.

ನಾವು ವರ್ಷವರ್ಷವೂ ತಯಾರಿಸುವ ಬೋರ್ಡೋ ದ್ರಾವಣವನ್ನೇ ನೋಡೋಣ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಸೇರಿದರೆ ಶೇಕಡಾ 1ರ ದ್ರಾವಣ. ತುತ್ತ ಕಡಿಮೆ ಹಾಕಿದರೆ ಅದು ತೆಳುವಾಗುತ್ತದೆ. ತುತ್ತ ಸರಿಯಾಗಿದ್ದು ಡ್ರಮ್ಮಿಗೆ ಮಳೆನೀರು ಸೇರಿದರೂ ತೆಳುವಾಗುತ್ತದೆ. ರಕ್ತದ ಸೋಡಿಯಂ ಅಂಕಿಯೂ ಇಂಥ ಹದದ ಅಂಕಿ, ಮೈಯಲ್ಲಿರುವ ಒಟ್ಟು ಉಪ್ಪಿನ ತೂಕವಲ್ಲ. ಲೀಟರಿಗೆ 135ರಿಂದ 145 ಮಿಲಿಮೋಲ್ ಇದ್ದರೆ ಸರಿ.

ಹೃದಯ ಅಥವಾ ಯಕೃತ್ತು ಸೋತವರಲ್ಲಿ ನೀರು ಮೈಯಲ್ಲೇ ನಿಲ್ಲುತ್ತದೆ, ಕಾಲು ಬಾತಿರುತ್ತದೆ. ಇವರ ಮೈಯಲ್ಲಿ ಉಪ್ಪು ಹೆಚ್ಚೇ ಇದ್ದರೂ ವರದಿಯಲ್ಲಿ ಸೋಡಿಯಂ ಕಡಿಮೆ! ಇನ್ನಷ್ಟು ಉಪ್ಪು ತಿನ್ನಿಸಿದರೆ ಊತವೂ ಉಬ್ಬಸವೂ ಏರುತ್ತವೆ. ವಾಂತಿಭೇದಿಯ ಸಂಗತಿಯೇ ಬೇರೆ. ಅಲ್ಲಿ ಉಪ್ಪು, ನೀರು ಎರಡೂ ಹೋಗಿರುವುದರಿಂದ ಬರೀ ನೀರು ಕುಡಿಸುತ್ತ ಹೋದರೆ ಸೋಡಿಯಂ ಇಳಿಯುತ್ತದೆ, ಓ.ಆರ್.ಎಸ್. ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಿ ಕೊಡಬೇಕು.

ನಮ್ಮ ಗಮನಕ್ಕೆ ತಪ್ಪುವುದು ಮಾತ್ರೆಗಳು. ರಕ್ತದೊತ್ತಡಕ್ಕೆ ಕೊಡುವ ಹೈಡ್ರೋಕ್ಲೋರೋಥಯಜೈಡ್, ಕ್ಲೋರ್ಥಾಲಿಡೋನ್ ಮುಂತಾದ ಮೂತ್ರ ಹೆಚ್ಚಿಸುವ ಔಷಧಿಗಳು ವಯಸ್ಸಾದವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಸೋಡಿಯಂ ಇಳಿಸಬಲ್ಲವು. ಬೇರೆ ಔಷಧಿಯೊಡನೆ ಒಂದೇ ಮಾತ್ರೆಯಲ್ಲಿ ಸೇರಿರುವುದರಿಂದ ಮನೆಯವರಿಗೆ ತಿಳಿಯುವುದೇ ಇಲ್ಲ. ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು ಬೇಡ. ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನೂ ಒಂದು ಚೀಲದಲ್ಲಿ ಹಾಕಿ ವೈದ್ಯರ ಮುಂದಿಡಿ.

ಸೋಡಿಯಂ ಸ್ವಲ್ಪ ಇಳಿದಾಗಲೇ ನಡಿಗೆ ತೂರಾಡುತ್ತದೆ. ಮಳೆಗಾಲದಲ್ಲಿ ಅಜ್ಜಿ ಅಂಗಳದಲ್ಲಿ ಬಿದ್ದರೆ ನಾವು ಪಾಚಿಯನ್ನು ದೂರಿ ಸುಮ್ಮನಾಗುತ್ತೇವೆ. ಬಹಳ ಇಳಿದರೆ, ಅಥವಾ ಬೇಗನೆ ಇಳಿದರೆ, ಮೆದುಳಿನ ಜೀವಕೋಶಗಳು ನೀರು ಹೀರಿ ಉಬ್ಬುತ್ತವೆ. ಆಗ ತಲೆನೋವು, ತಪ್ಪುಮಾತು, ಮಂಪರು, ಕೊನೆಗೆ ಫಿಟ್ಸ್. ನಿನ್ನೆಯವರೆಗೆ ಕೂಲಿಲೆಕ್ಕ ಬರೆಯುತ್ತಿದ್ದವರು ಇಂದು ಮಗನ ಹೆಸರು ತಪ್ಪಿದರೆ ಅದು ಅರಳುಮರಳಲ್ಲ. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು.

ಅಲ್ಲಿ ಸೇರಿಸಿದ ಮೇಲೆ ‘112 ಇದ್ದದ್ದು ಒಂದು ದಿನಕ್ಕೆ 119 ಅಷ್ಟೇ ಆಯಿತಲ್ಲ’ ಎಂದು ಅವಸರಿಸುವುದು ಸಲ್ಲ. ಎರಡು ದಿನಕ್ಕಿಂತ ಹಳೆಯ ಇಳಿಕೆಗೆ ಮೆದುಳು ಹೊಂದಿಕೊಂಡಿರುತ್ತದೆ. 24 ಗಂಟೆಯಲ್ಲಿ 8–10ಕ್ಕಿಂತ ಹೆಚ್ಚು ಏರಿಸಿದರೆ ಮೆದುಳಿನ ನರತಂತುಗಳ ಹೊದಿಕೆ ಕೆಟ್ಟು ಕೈಕಾಲು, ಮಾತು ಬೀಳುವ ಅಪಾಯವಿದೆ. ಫಿಟ್ಸ್ ಬಂದವರಿಗೆ ಮಾತ್ರ ಮೊದಲ ಕೆಲವು ಅಂಕಿಗಳನ್ನು ವೈದ್ಯರು ಬೇಗ ಏರಿಸುತ್ತಾರೆ.

ಸೋಡಿಯಂ 145 ಮೀರುವುದು ಹೆಚ್ಚಾಗಿ ನೀರು ಸಾಲದೆ. ಹಾಸಿಗೆ ಹಿಡಿದವರು, ಜ್ವರದ ಎಳೆಮಕ್ಕಳು ಬಾಯಾರಿಕೆಯನ್ನು ಹೇಳಲಾರರು. ಹಾಸಿಗೆಯ ಪಕ್ಕದ ಚೊಂಬು ಎಷ್ಟು ಖಾಲಿಯಾಯಿತೆಂದು ದಿನಕ್ಕೆ ನಾಲ್ಕು ಬಾರಿಯಾದರೂ ಮನೆಯವರೇ ನೋಡಬೇಕು.