ಬೆನ್ನ ಹಿಂದಿನ ಗಾಳಿ

ಬ್ರಿಟನ್ನಿನಲ್ಲಿ ಓದುತ್ತಿರುವ ನಮ್ಮ ಮಕ್ಕಳೇ, ಅಕ್ಟೋಬರ್ ರಜೆಗೆ ವಿಂಡ್‌ಸರ್ಫಿಂಗ್ ಎಂದು ಸ್ಕಾಟ್ಲೆಂಡಿನ ಟೈರೀ ದ್ವೀಪಕ್ಕೆ ಹೊರಟಿದ್ದೀರಾ? ಹೋಗಿಬನ್ನಿ, ಆ ತಿಂಗಳ ಗಾಳಿಗಾಗಿಯೇ ಪಳಗಿದವರೆಲ್ಲ ಅಲ್ಲಿ ಸ್ಪರ್ಧೆಗೆ ಸೇರುತ್ತಾರೆ. ಆದರೆ ದಡದಿಂದ ಕಡಲಿನತ್ತ ಬೀಸುವ ಗಾಳಿಯನ್ನು ಮಾತ್ರ ನಂಬಬೇಡಿ. ವಾಯವ್ಯಕ್ಕೆ ಮುಖಮಾಡಿದ ಬಾಲೆವುಲಿನ್ ದಂಡೆಯಲ್ಲಿ ಆಗ್ನೇಯದ ಗಾಳಿಯಿದ್ದ ದಿನ, ಮರಳದಿಬ್ಬಗಳ ಮರೆಯಲ್ಲಿ ನೀರು ಕೆರೆಯಂತೆ ತಣ್ಣಗೆ ಕಾಣುತ್ತದೆ. ಹೊಸಬರು ಮೋಸಹೋಗುವುದು ಇಲ್ಲೇ. ಆ ಮರೆ ದಾಟಿದಿರೋ, ಗಾಳಿ ಹಾಯಿಯನ್ನು ಕೈಯಿಂದ ಕಿತ್ತುಕೊಳ್ಳುತ್ತದೆ. ಮುಂದಿರುವುದು ತೆರೆದ ಕಡಲು. ಬೇಡಪ್ಪಾ, ಅಂಥ ದಿನ ಅಲ್ಲಿ ಇಳಿಯಲೇಬೇಡಿ. ಗಾಳಿ ದಡದತ್ತ ಓರೆಯಾಗಿ ಬೀಸುವ ಬೇರೆ ದಂಡೆ ಹುಡುಕಿ. ಪುಟ್ಟ ದ್ವೀಪ, ಸುತ್ತಲೂ ದಂಡೆಗಳಿವೆ.

ಸಿಕ್ಕಿಹಾಕಿಕೊಂಡರೆ ಬೋರ್ಡ್ ಬಿಟ್ಟು ಈಜಬೇಡಿ. ಅದು ತೇಲಿಸುತ್ತದೆ, ಹುಡುಕುವವರ ಕಣ್ಣಿಗೂ ಬೀಳುತ್ತದೆ. ಅದರ ಮೇಲೆ ಕುಳಿತು ಎರಡೂ ತೋಳುಗಳನ್ನು ಅಗಲಕ್ಕೆ ಚಾಚಿ ನಿಧಾನವಾಗಿ ಮೇಲೆ ಕೆಳಗೆ ಆಡಿಸಿ. ಎಷ್ಟು ಹೊತ್ತಿಗೆ ವಾಪಸು ಬರುತ್ತೀರೆಂದು ದಡದಲ್ಲಿ ಒಬ್ಬರಿಗಾದರೂ ಹೇಳಿಹೋಗಿ. ತಡವಾದರೆ ಅವರು 999ಕ್ಕೆ ಕರೆ ಮಾಡಿ ಕೋಸ್ಟ್‌ಗಾರ್ಡ್ ಬೇಕೆನ್ನಲಿ. ತಿಂಗಳ ಕೊನೆಗೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಸರಿದ ಮೇಲಂತೂ ಸಂಜೆ 5ಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ, ಮಧ್ಯಾಹ್ನವೇ ಮುಗಿಸಿ.