ಈ ಬಫರ್ ಈಗ ಯಾರ ಕೈಲಿದೆ?

ಓಎಸ್ ಕ್ಲಾಸಿನಲ್ಲಿ ಪ್ರೊಡ್ಯೂಸರ್–ಕನ್ಸ್ಯೂಮರ್ ಪ್ರಾಬ್ಲಂ ಅಂತ ಒಂದು ಬರುತ್ತೆ. ಇಂಟರ್ನಲ್ಸ್‌ಗೆ ಓದಿ, ಸೆಮಫೋರ್ ಬರೆದು, ಮಾರ್ಕ್ಸ್ ತಗೊಂಡು ಅದನ್ನ ಅಲ್ಲಿಗೇ ಬಿಟ್ಬಿಡ್ತೀವಿ. ಅದೇ ಪ್ರಾಬ್ಲಂ ನಿಜವಾದ ಹಾರ್ಡ್‌ವೇರ್ ಮೇಲೆ ಹೇಗಿರುತ್ತೆ ಅಂತ ತಿಳಿಯೋಕೆ ವಿಡಿಯೋ ಎನ್‌ಕೋಡರ್ ಡ್ರೈವರ್ ಒಳ್ಳೆ ಉದಾಹರಣೆ. ಲಿನಕ್ಸ್‌ನಲ್ಲಿ ಇದನ್ನ ನೋಡಿಕೊಳ್ಳೋದು ವಿಡಿಯೋ ಫಾರ್ ಲಿನಕ್ಸ್ 2, ಅಂದ್ರೆ ವಿ4ಎಲ್2.

ಮೊದಲು ಒಂದು ಲೆಕ್ಕ

1920×1080 ಅಳತೆಯ ಒಂದು ಫ್ರೇಮ್ ತಗೊಳ್ಳೋಣ. ಎನ್‌ವಿ12 ಫಾರ್ಮ್ಯಾಟ್‌ನಲ್ಲಿ ಒಂದು ಪಿಕ್ಸೆಲ್‌ಗೆ ಸರಾಸರಿ 1.5 ಬೈಟ್. ಒಟ್ಟು 31,10,400 ಬೈಟ್. ಸೆಕೆಂಡಿಗೆ 30 ಫ್ರೇಮ್ ಅಂದ್ರೆ ಸುಮಾರು 93 ಎಂಬಿ. ನಡುವೆ ಒಂದು ಅನವಶ್ಯಕ ಮೆಮ್‌ಕಾಪಿ ಹಾಕಿದರೆ ಇಷ್ಟನ್ನೂ ಇನ್ನೊಮ್ಮೆ ಓದಿ ಇನ್ನೊಮ್ಮೆ ಬರೀಬೇಕು. ಆದ್ದರಿಂದ ಇಲ್ಲಿ ಡೇಟಾನ ಕಾಪಿ ಮಾಡೋದಿಲ್ಲ, ಬಫರನ್ನೇ ಕೈಯಿಂದ ಕೈಗೆ ದಾಟಿಸ್ತಾರೆ.

ಇನ್ನೊಂದು ವಿಷಯ. ಎಚ್.264 ಫ್ರೇಮನ್ನು 16×16 ಬ್ಲಾಕ್‌ಗಳಾಗಿ ಕತ್ತರಿಸುತ್ತೆ. 1080 ಅನ್ನೋದು 16ರಿಂದ ಭಾಗ ಆಗಲ್ಲ, ಹಾಗಾಗಿ ಹಾರ್ಡ್‌ವೇರ್ 1088 ಸಾಲು ಕೇಳಬಹುದು. ಆಗ ಸೈಜ್ 31,33,440 ಬೈಟ್. ಫಾರ್ಮ್ಯಾಟ್ ಸೆಟ್ ಮಾಡಿದಾಗ ಡ್ರೈವರ್ ವಾಪಸ್ ಕೊಡೋ ಸೈಜನ್ನೇ ನಂಬಬೇಕು, ನಾವೇ ಗುಣಿಸಿಕೊಂಡು ಕೂರಬಾರದು.

ಎರಡು ಕ್ಯೂ, ತಿರುಗುಮುರುಗು ಹೆಸರು

ಎನ್‌ಕೋಡರ್‌ಗೆ ಎರಡು ಕ್ಯೂ ಇರುತ್ತೆ. ಕಚ್ಚಾ ಫ್ರೇಮ್ ಒಳಗೆ ಹೋಗೋ ಕ್ಯೂ ಹೆಸರು ಔಟ್‌ಪುಟ್. ಎನ್‌ಕೋಡ್ ಆದ ಬಿಟ್‌ಸ್ಟ್ರೀಮ್ ಹೊರಗೆ ಬರೋ ಕ್ಯೂ ಹೆಸರು ಕ್ಯಾಪ್ಚರ್. ಉಲ್ಟಾ ಅನ್ನಿಸುತ್ತೆ ಅಲ್ವಾ? ಹೆಸರು ಇಟ್ಟಿರೋದು ಅಪ್ಲಿಕೇಶನ್ ಕಡೆಯಿಂದ ನೋಡಿ. ಅಪ್ಲಿಕೇಶನ್ ಕೊಡೋದು ಔಟ್‌ಪುಟ್, ಪಡೆಯೋದು ಕ್ಯಾಪ್ಚರ್.

ಹಳ್ಳಿಯ ಹಾಲಿನ ಡೈರಿ ನೆನಪಿಸಿಕೊಳ್ಳಿ. ತುಂಬಿದ ಕ್ಯಾನ್ ಗಾಡಿಯಲ್ಲಿ ಹೋಗುತ್ತೆ, ಖಾಲಿ ಕ್ಯಾನ್ ವಾಪಸ್ ಬರುತ್ತೆ. ಔಟ್‌ಪುಟ್ ಕ್ಯೂ ಕೂಡ ಹಾಗೇ: ತುಂಬಿದ ಬಫರನ್ನು ಕ್ಯೂಬಫ್ ಕರೆಯಿಂದ ಕೊಡ್ತೀವಿ, ಬಳಸಿ ಮುಗಿದದ್ದನ್ನು ಡಿಕ್ಯೂಬಫ್‌ನಿಂದ ವಾಪಸ್ ತಗೊಳ್ತೀವಿ. ಕ್ಯಾಪ್ಚರ್ ಕ್ಯೂನಲ್ಲಿ ಖಾಲಿ ಬಫರ್ ಕೊಟ್ಟು ತುಂಬಿದ್ದನ್ನು ಪಡೀತೀವಿ.

ನಿಯಮ ಒಂದೇ: ಕ್ಯೂಬಫ್ ಆದಮೇಲೆ ಬಫರ್ ಡ್ರೈವರ್‌ದು, ಡಿಕ್ಯೂಬಫ್ ಆದಮೇಲೆ ನಮ್ಮದು. ಆದರೆ ಎಂಮ್ಯಾಪ್ ಮಾಡಿದ ಮೆಮೊರಿ ಕ್ಯೂಬಫ್ ಆದಮೇಲೂ ನಮ್ಮ ಪ್ರೋಗ್ರಾಂಗೆ ಕಾಣಿಸ್ತಾನೇ ಇರುತ್ತೆ. ಬರೆದರೆ ಸೆಗ್‌ಫಾಲ್ಟ್ ಬರಲ್ಲ, ಎರರ್ ಬರಲ್ಲ. ಫ್ರೇಮ್‌ನ ಮೇಲರ್ಧ ಹಳೇದು, ಕೆಳಗಿನರ್ಧ ಹೊಸದು ಆಗಿ ಎನ್‌ಕೋಡ್ ಆಗಬಹುದು, ಅಷ್ಟೇ.

ಈ ಕೈ ಬದಲಾಗೋ ಹೊತ್ತಿಗೇ ಇನ್ನೊಂದು ಕೆಲಸವೂ ಆಗಬೇಕು. ಸಿಪಿಯು ಬರೆದ ಡೇಟಾ ಇನ್ನೂ ಕ್ಯಾಶೆಯಲ್ಲೇ ಇರಬಹುದು, ಡಿಎಂಎ ಓದೋದು ರ‍್ಯಾಮ್‌ನಿಂದ. ಎರಡನ್ನೂ ಹೊಂದಿಸೋ ಸಿಂಕ್ ಕೆಲಸವನ್ನ ಕರ್ನಲ್‌ನ ವಿಡಿಯೋಬಫ್2 ಫ್ರೇಮ್‌ವರ್ಕ್ ನೋಡಿಕೊಳ್ಳುತ್ತೆ.

ಎಷ್ಟು ಬಫರ್ ಬೇಕು?

ಎರಡು ಸಾಕಲ್ವಾ, ಒಂದು ತುಂಬೋಕೆ ಒಂದು ಖಾಲಿ ಮಾಡೋಕೆ? ಬಿ-ಫ್ರೇಮ್ ಇದ್ದರೆ ಸಾಕಾಗಲ್ಲ. ಡಿಸ್‌ಪ್ಲೇ ಕ್ರಮ 1, 2, 3, 4 ಇದ್ದು, 2 ಮತ್ತು 3 ಬಿ-ಫ್ರೇಮ್ ಆದರೆ ಎನ್‌ಕೋಡ್ ಕ್ರಮ 1, 4, 2, 3. ಅಂದ್ರೆ 4 ಬರೋವರೆಗೂ 2 ಮತ್ತು 3ರ ಬಫರ್‌ಗಳನ್ನ ಡ್ರೈವರ್ ಬಿಡೋ ಹಾಗಿಲ್ಲ. ಎರಡೇ ಬಫರ್ ಇದ್ದರೆ 4ನ್ನು ಹಾಕೋಕೆ ಜಾಗ ಎಲ್ಲಿ? ಡ್ರೈವರ್ ಫ್ರೇಮ್‌ಗೆ ಕಾಯುತ್ತೆ, ಅಪ್ಲಿಕೇಶನ್ ಬಫರ್‌ಗೆ ಕಾಯುತ್ತೆ. ಪಕ್ಕಾ ಡೆಡ್‌ಲಾಕ್. ಕನಿಷ್ಠ ಎಷ್ಟು ಬಫರ್ ಬೇಕು ಅಂತ ಡ್ರೈವರ್‌ನ್ನೇ ಕೇಳೋಕೆ ಒಂದು ಕಂಟ್ರೋಲ್ ಇರೋದು ಇದಕ್ಕೇ. ಕ್ರಮ ಹೀಗೆ ಬದಲಾಗೋದರಿಂದ ಯಾವ ಬಿಟ್‌ಸ್ಟ್ರೀಮ್ ಯಾವ ಫ್ರೇಮ್‌ದು ಅಂತ ಗುರುತಿಸೋಕೆ ಟೈಮ್‌ಸ್ಟ್ಯಾಂಪ್ ನೋಡಬೇಕು, ಬಂದ ಸಾಲನ್ನಲ್ಲ.

ನಿಲ್ಲಿಸೋದೇ ಕಷ್ಟ

ಶುರು ಮಾಡೋದಕ್ಕಿಂತ ನಿಲ್ಲಿಸೋದರಲ್ಲಿ ಅಪಾಯ ಜಾಸ್ತಿ. ಸ್ಟ್ರೀಮ್‌ಆಫ್ ಕರೆದರೆ ಆ ಕ್ಯೂನಲ್ಲಿರೋ ಬಫರ್‌ಗಳೆಲ್ಲ ಕೆಲಸ ಮುಗಿದಿರಲಿ ಬಿಡಲಿ, ಅಪ್ಲಿಕೇಶನ್ ಕೈಗೆ ವಾಪಸ್. ಹಾಗಾಗಿ ಲೆಕ್ಚರ್ ರೆಕಾರ್ಡ್ ಮಾಡಿ ಸೀದಾ ಸ್ಟ್ರೀಮ್‌ಆಫ್ ಮಾಡಿದರೆ ಕೊನೆಯ ಕೆಲವು ಫ್ರೇಮ್ ಹೋಗಿಬಿಡಬಹುದು. ಸರಿಯಾದ ದಾರಿ ಹೀಗೆ: ಮೊದಲು ಎನ್‌ಕೋಡರ್‌ಗೆ ಸ್ಟಾಪ್ ಕಮಾಂಡ್ ಕೊಡಬೇಕು, 'ಲಾಸ್ಟ್' ಫ್ಲ್ಯಾಗ್ ಇರೋ ಕ್ಯಾಪ್ಚರ್ ಬಫರ್ ಬರೋವರೆಗೂ ಡಿಕ್ಯೂಬಫ್ ಮಾಡ್ತಾ ಇರಬೇಕು, ಆಮೇಲೆ ಸ್ಟ್ರೀಮ್‌ಆಫ್.

ಡ್ರೈವರ್ ಬರೆಯೋರ ಜವಾಬ್ದಾರಿ ಇನ್ನೂ ದೊಡ್ಡದು. ಸ್ಟಾಪ್‌ಸ್ಟ್ರೀಮಿಂಗ್ ಫಂಕ್ಷನ್ ಹಿಂದಿರುಗೋ ಮುಂಚೆ ಹಾರ್ಡ್‌ವೇರ್ ನಿಜವಾಗಿ ನಿಂತಿರಬೇಕು, ಕೈಲಿರೋ ಪ್ರತಿ ಬಫರನ್ನೂ ವಿಡಿಯೋಬಫ್2ಗೆ ಒಪ್ಪಿಸಿರಬೇಕು. ಒಂದು ಬಫರ್ ಮರೆತರೆ ಕರ್ನಲ್ ಲಾಗ್‌ನಲ್ಲಿ ವಾರ್ನಿಂಗ್ ಕಾಣುತ್ತೆ. ಹಾರ್ಡ್‌ವೇರ್ ನಿಲ್ಲಿಸೋದು ಮರೆತರೆ? ಬಫರ್ ಫ್ರೀ ಆಗಿ, ಆ ಜಾಗ ಬೇರೆ ಯಾವುದೋ ಪ್ರೋಸೆಸ್‌ಗೆ ಸಿಕ್ಕಿರುತ್ತೆ. ಐಒಎಂಎಂಯು ತಡೆಯದಿದ್ದರೆ ಡಿಎಂಎ ಇನ್ನೂ ಅಲ್ಲಿಗೇ ಬರೀತಾ ಇರುತ್ತೆ. ಕ್ರ್ಯಾಶ್ ಆಗೋದು ಇನ್ನೆಲ್ಲೋ, ತಪ್ಪು ಇರೋದು ಇಲ್ಲಿ. ಇಂಥ ಬಗ್ ಹುಡುಕೋದು ಯಾರಿಗೂ ಬೇಡ.

ನೀವೇ ಮಾಡಿ ನೋಡಿ

ಇದಕ್ಕೆ ಬೋರ್ಡ್ ಬೇಕಿಲ್ಲ. ಕರ್ನಲ್ ಸೋರ್ಸ್‌ನ ಮೀಡಿಯಾ ಟೆಸ್ಟ್ ಡ್ರೈವರ್‌ಗಳಲ್ಲಿ ವಿಕೋಡೆಕ್ ಅಂತ ಒಂದಿದೆ. ಹಾರ್ಡ್‌ವೇರ್ ಇಲ್ಲದೆ ಸಾಫ್ಟ್‌ವೇರ್‌ನಲ್ಲೇ ಎನ್‌ಕೋಡ್ ಮಾಡೋ ಡ್ರೈವರ್ ಅದು. ಅದರ ಕೋಡ್ ತೆರೆದು ಬಫರ್ ಡ್ರೈವರ್ ಕೈಗೆ ಬರೋ ಜಾಗ ಒಂದನ್ನ, ವಾಪಸ್ ಹೋಗೋ ಜಾಗಗಳೆಲ್ಲವನ್ನ ಪೆನ್ಸಿಲ್‌ನಲ್ಲಿ ಗುರುತು ಮಾಡಿ. ಎರರ್ ಬಂದು ಮಧ್ಯದಲ್ಲೇ ರಿಟರ್ನ್ ಆಗೋ ದಾರಿಗಳನ್ನೂ ಬಿಡಬೇಡಿ. ಪ್ರತಿ ಸಾಲಿನಲ್ಲೂ 'ಈ ಬಫರ್ ಈಗ ಯಾರ ಕೈಲಿದೆ' ಅನ್ನೋದಕ್ಕೆ ಒಂದೇ ಉತ್ತರ ಸಿಕ್ಕಿದರೆ ಡ್ರೈವರ್ ನಿಮಗೆ ಅರ್ಥ ಆಯ್ತು ಅಂತಲೇ ಲೆಕ್ಕ.